ಸಕ್ಕರೆ ಕಾಯಿಲೆಯ ಸುತ್ತಲಿನ ಮಾತು

ಮಧುಮೇಹಕ್ಕೆ ಅಂಟಿಕೊಂಡಿರುವ ಕಳಂಕ ಬಹುಮಟ್ಟಿಗೆ ಒಂದೇ ಆರೋಪದ ಮೇಲೆ ನಿಂತಿದೆ: ಬಾಯಿಚಪಲಕ್ಕೆ ತಿಂದು ತಿಂದು ಕಾಯಿಲೆ ತಂದುಕೊಂಡರು ಎಂಬುದು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಯ ದಿನ ಇದು ಎದ್ದು ಕಾಣುತ್ತದೆ. ಲೇತ್, ಪ್ರೆಸ್ಸುಗಳಿಗೆ ಹೂವು ಮುಡಿಸಿ, ಬೂದುಗುಂಬಳಕಾಯಿ ಒಡೆದು, ಸ್ವೀಟ್ ಬಾಕ್ಸು, ಕಡ್ಲೆಪುರಿ ಹಂಚುವಾಗ “ನಿಮಗೆ ಶುಗರ್ ಅಲ್ವಾ, ಪುರಿ ಮಾತ್ರ ತಗೊಳ್ಳಿ” ಎಂಬ ಮಾತು ಎಲ್ಲರೆದುರೇ ಬರುತ್ತದೆ. ಹೇಳುವವರಲ್ಲಿ ಕಾಳಜಿಯೇ ಇರಬಹುದು, ಕೇಳಿಸಿಕೊಂಡವರಿಗೆ ಅದು ತೀರ್ಪು. (ಪುರಿಯೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ತಿನಿಸೇ ಎಂಬುದು ಬೇರೆ ವಿಷಯ.) ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೇಕ್ ಕತ್ತರಿಸುವಾಗಲೂ ಇದೇ ಮಾತು, ಇಂಗ್ಲಿಷಿನಲ್ಲಿ.

ಆರೋಪಕ್ಕೆ ವಿಜ್ಞಾನದ ಬೆಂಬಲ ಅರೆಬರೆ. ಊಟ, ತೂಕ, ನಡಿಗೆ ಲೆಕ್ಕಕ್ಕೆ ಬರುತ್ತವೆ, ನಿಜ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲ ಬಗೆಯ ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಸಿಹಿ ತಿಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನೇ ಬಗೆಯ ಬೇರು ಕೂಡ ಎಷ್ಟೋ ಸಲ ಹುಟ್ಟಿಗಿಂತ ಹಿಂದಕ್ಕೆ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ಅಳತೆಗಳನ್ನು ದಾಖಲಿಸಿಟ್ಟಿತ್ತು. ಅಲ್ಲಿ ಹುಟ್ಟಿದವರನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದ ಸಂಶೋಧಕರಿಗೆ ನಡುವಯಸ್ಸಿನ ಮಧುಮೇಹಕ್ಕೂ ಹುಟ್ಟಿದಾಗಿನ ಮೈಕಟ್ಟಿಗೂ ತಾಯಿಯ ತೂಕಕ್ಕೂ ನಂಟಿರುವುದು ಕಂಡಿತು. ವಂಶದ ಬಳುವಳಿ ಇದರ ಜೊತೆಗಿದೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುವವರಲ್ಲಿ ಈ ಕಾಯಿಲೆ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹಗಲಿಗೆ ಲಾಗಿನ್ ಆಗುವವರು ಆ ಪಾಳಿಯನ್ನು ಚಪಲಕ್ಕೆ ಆರಿಸಿಕೊಂಡವರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ. ಇಷ್ಟು ಮಂದಿಗೆ ಏಕಕಾಲಕ್ಕೆ ನಾಲಿಗೆ ಹತೋಟಿ ತಪ್ಪಿತೆಂದು ನಂಬುವುದು ಕಷ್ಟ.

ಎರಡನೆಯ ತಪ್ಪು ತಿಳಿವಳಿಕೆ ಇನ್ಸುಲಿನ್ ಕುರಿತದ್ದು. “ಇಂಜೆಕ್ಷನ್‌ಗೆ ಬಂದುಬಿಟ್ಟಿದ್ದಾರೆ” ಎಂದರೆ ಕೊನೆಯ ಹಂತ ಎಂದೇ ಜನ ಗ್ರಹಿಸುತ್ತಾರೆ. ವೈದ್ಯರಲ್ಲೂ ಕೆಲವರು “ಬಾಯಿ ಕಟ್ಟದಿದ್ದರೆ ಸೂಜಿಯೇ ಗತಿ” ಎಂದು ಹೆದರಿಸುವುದುಂಟು, ಔಷಧಿಯೇ ಶಿಕ್ಷೆಯೆಂಬಂತೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ದೀರ್ಘ ಅಧ್ಯಯನದ ಪ್ರಕಾರ, ಎರಡನೇ ಬಗೆಯ ಮಧುಮೇಹ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆಮೇಲೂ ಇಳಿಯುತ್ತ ಹೋಗುತ್ತದೆ. ಕಟ್ಟುನಿಟ್ಟಾಗಿ ಪಥ್ಯ ಮಾಡಿದವರಿಗೂ ಒಂದು ದಿನ ಇನ್ಸುಲಿನ್ ಬೇಕಾಗಬಹುದು. ಬೆದರಿಕೆಯ ಮಾತು ಕೇಳಿದವರು ಅದನ್ನು ಮುಂದೂಡುತ್ತಾರೆ. ಮುಂದೂಡಿದಷ್ಟೂ ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೆ ಪೆಟ್ಟು. ಶುರುಮಾಡಿದವರೂ ಕ್ಯಾಂಟೀನಿನಲ್ಲಿ ಪೆನ್ ತೆಗೆಯಲು ಅಂಜಿ ಟಾಯ್ಲೆಟ್ಟಿಗೆ ಹೋಗಿ ಚುಚ್ಚಿಕೊಳ್ಳುತ್ತಾರೆ, ಇಲ್ಲವೇ ಮಧ್ಯಾಹ್ನದ ಡೋಸ್ ಬಿಟ್ಟುಬಿಡುತ್ತಾರೆ.

ಮಾತು ತಿದ್ದುವ ಕೆಲಸ ಬೇರೆಡೆ ಆಗಲೇ ನಡೆದಿದೆ. ಆಸ್ಟ್ರೇಲಿಯಾದ ಮಧುಮೇಹ ಸಂಸ್ಥೆ 2011ರಲ್ಲಿ, ಅಮೆರಿಕದ ಮಧುಮೇಹ ಸಂಘ 2017ರಲ್ಲಿ ಈ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದವು. ವ್ಯಕ್ತಿಯನ್ನು ರೋಗದ ಹೆಸರಿನಿಂದ ಕರೆಯದಿರುವುದು, ದೂಷಿಸದಿರುವುದು, ಅಂಕಿಯನ್ನು ಅಂಕಿಯಾಗಿಯೇ ಹೇಳುವುದು ಅವುಗಳ ತಿರುಳು. ಕನ್ನಡಕ್ಕೆ ಇದು ತೀರಾ ಹೊಸದೇನಲ್ಲ. “ಅವರಿಗೆ ಶುಗರ್ ಇದೆ” ಎಂಬ ದಿನಬಳಕೆಯ ಮಾತಿನಲ್ಲಿ ಮನುಷ್ಯ ಬೇರೆ, ಕಾಯಿಲೆ ಬೇರೆ; “ಶುಗರ್ ಪೇಷಂಟ್” ಎಂಬುದೇ ಆಮೇಲೆ ಬಂದು ಸೇರಿದ ಹಣೆಪಟ್ಟಿ. “ಕಂಟ್ರೋಲೇ ಇಲ್ಲ ನಿಮಗೆ” ಎಂದು ಗದರುವ ಬದಲು “ಮೂರು ತಿಂಗಳ ಸರಾಸರಿ 8.4 ಇದೆ, 7ರ ಹತ್ತಿರ ತರೋಣ” ಎನ್ನಬಹುದು. “ಯಾಕೆ ಮಾತ್ರೆ ಬಿಟ್ಟಿರಿ?” ಎಂಬ ಪ್ರಶ್ನೆಗೆ ಸುಳ್ಳು ಉತ್ತರ ಸಿಗುವ ಸಂಭವವೇ ಹೆಚ್ಚು. “ಸೆಕೆಂಡ್ ಶಿಫ್ಟ್ ಇದ್ದಾಗ ಊಟ ಎಷ್ಟು ಗಂಟೆಗೆ?” ಎಂದು ಕೇಳಿದರೆ ಮಾತ್ರೆ ಎಲ್ಲಿ ತಪ್ಪಿತೆಂಬುದು ತಾನಾಗಿ ಗೊತ್ತಾಗುತ್ತದೆ.

ಕಂಪನಿಗಳ ಆರೋಗ್ಯ ಶಿಬಿರಗಳಲ್ಲಿ ಫಲಿತಾಂಶವನ್ನು ಹೆಸರು ಕೂಗಿ ಹೇಳಬಾರದು, ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಗುತ್ತಿಗೆ ಕೆಲಸಗಾರರಿಗೆ ಇದು ಮರ್ಯಾದೆಯ ಜೊತೆಗೆ ಅನ್ನದ ಪ್ರಶ್ನೆಯೂ ಹೌದು.

ಕಾಯಿಲೆಯನ್ನು ಬಚ್ಚಿಡುವುದು ತೀರಾ ಅಪಾಯಕಾರಿಯಾಗುವುದು ಸಕ್ಕರೆ ಇಳಿದಾಗ. ಅದು ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಬೆವರು, ನಡುಕ, ತೊದಲು ಮಾತು. ವಿಷಯ ತಿಳಿಯದ ಸೂಪರ್‌ವೈಸರ್ “ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದಾನೆ” ಎಂದು ಗೇಟಿನ ಹೊರಗೆ ಕೂರಿಸಿಯಾನು. ಆಗ ಬೇಕಾಗಿರುವುದು ಸುಮಾರು 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ ಕದಡಿದ ನೀರು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪಕ್ಕದ ಮೆಷಿನ್ನಿನವರಿಗೆ ಇಷ್ಟು ಗೊತ್ತಿದ್ದರೆ ಸಾಕು; ಅವರಿಗೆ ಮೊದಲೇ ಹೇಳಿಡಲು ಶುಗರ್ ಇರುವವರಿಗೆ ಸಂಕೋಚವಾಗಬಾರದು.