ಹೆಸರಿನ ಹಿಂದಿನ ಪ್ರಶ್ನಾರ್ಥಕ ಚಿಹ್ನೆ

ನಮ್ಮ ಹಿರಿಯರ ಕಾಲದಲ್ಲಿ ಹೆಸರಿಲ್ಲದ ಕಾಯಿಲೆ ಎಂಬುದು ಇರಲಿಲ್ಲವೆಂದೇ ಹೇಳಬೇಕು. ಮಗು ಹಾಲು ಕುಡಿಯಲು ಹಟ ಹಿಡಿದರೆ ದೃಷ್ಟಿ. ತಲೆ ಸುತ್ತಿದರೆ ಪಿತ್ತ. ಮೈಕೈ ಹಿಡಿದುಕೊಂಡರೆ ವಾಯು. ಈ ಯಾವುದಕ್ಕೂ ಹೊಂದದೆ ಉಳಿದದ್ದು ಗಾಳಿ. ಆ ಹೆಸರುಗಳಲ್ಲಿ ಸತ್ಯ ಎಷ್ಟಿತ್ತೆಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ಹೆಸರಿಡುವ ಮೊದಲು ಅಜ್ಜಿಯೋ ಅತ್ತೆಯೋ ಹಾಸಿಗೆಯ ಬಳಿ ಕುಳಿತು, ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದೆ, ಹಿಂದಿನ ರಾತ್ರಿ ಏನು ತಿಂದೆ ಎಂದು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು ಎಂಬುದಂತೂ ನಿಜ. ಇಂದಿನ ವೈದ್ಯವಿಜ್ಞಾನ ಪ್ರಾಮಾಣಿಕವಾದದ್ದು. ಆದ್ದರಿಂದಲೇ ಅದರಲ್ಲಿ ಹೆಸರು ಹತ್ತದ ಕಾಯಿಲೆಗಳಿಗೆ ಎಡೆಯಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಹೆಸರು ಹತ್ತಲಿಲ್ಲವೆಂಬ ಸಂಗತಿಯನ್ನು ಆ ಕಾಯಿಲೆಯ ಒಡೆಯನಾದ ರೋಗಿಗೆ ಯಾರು, ಯಾವಾಗ, ಯಾವ ಮಾತಿನಲ್ಲಿ ತಿಳಿಸಬೇಕು ಎಂಬುದೇ ನಾನು ಇಂದು ನಿಮ್ಮ ಮುಂದಿಡಬೇಕೆಂದಿರುವ ವಿಷಯ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಇರುವುದು ತುಮಕೂರಿನಲ್ಲಿ. ಹೋದ ವರ್ಷ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತ ಕುಳಿತಿದ್ದೆ. ಹೆಂಡತಿ ಕಾಫಿ ತಂದಿಟ್ಟಳು. ಲೋಟ ಬಿಸಿಯಾಗಿದೆ ಎಂದು ಹೇಳಲು ಬಾಯಿ ತೆರೆದೆ; ಲೋಟವೆಂಬ ಮಾತು ಬರಲಿಲ್ಲ. ನಾಲಿಗೆ ತೊದಲಲಿಲ್ಲ, ಕೈಕಾಲು ಸೋಲಲಿಲ್ಲ, ನೋವೆಂಬುದು ಎಲ್ಲಿಯೂ ಇಲ್ಲ. ಎದುರಿಗಿರುವ ವಸ್ತು ಏನೆಂದು ನನಗೆ ಚೆನ್ನಾಗಿ ಗೊತ್ತು; ಅದನ್ನು ಕರೆಯುವ ಹೆಸರು ಮಾತ್ರ ಮನೆ ಬಿಟ್ಟು ಹೋಗಿದೆ. ಬಾಯಿಂದ ಹೊರಬಿದ್ದದ್ದು ‘ಅದು, ಅದು’ ಎಂಬಷ್ಟೇ. ಹೆಂಡತಿ ಮೊದಲು ನಗಾಡಿದಳು. ಅವಳ ಹೆಸರು ಕರೆಯಲು ಹೋದೆ, ಅದೂ ಬರಲಿಲ್ಲ. ಪತ್ರಿಕೆಯತ್ತ ನೋಡಿದರೆ ಅಕ್ಷರಗಳು ಅಕ್ಷರಗಳಾಗಿಯೇ ಇವೆ, ಒಂದಕ್ಕೊಂದು ಸೇರಿ ಅರ್ಥವಾಗುತ್ತಿಲ್ಲ. ಗೋಡೆಯ ಗಡಿಯಾರದ ಪ್ರಕಾರ ಇಪ್ಪತ್ತೈದು ನಿಮಿಷ ಹೀಗೆ ಕಳೆಯಿತು. ಆಮೇಲೆ ಯಾರೂ ಕೇಳದೆಯೇ ‘ನೀರು’ ಎಂದೆ. ಆ ಒಂದು ಮಾತಿನ ಹಿಂದೆ ಉಳಿದವೂ ಒಂದೊಂದಾಗಿ, ಮಳೆ ನಿಂತ ಮೇಲೆ ಮರದಿಂದ ಹೊರಡುವ ಹಕ್ಕಿಗಳಂತೆ ಹಿಂದಿರುಗಿದವು.

ಬದುಕಿನುದ್ದಕ್ಕೂ ಮಾತನ್ನೇ ನಂಬಿ ಉಂಡವನಿಗೆ ಆ ಇಪ್ಪತ್ತೈದು ನಿಮಿಷ ಎಂಥವೆಂಬುದನ್ನು ವರ್ಣಿಸಲಾರೆ.

ನಮ್ಮ ಬೀದಿಯ ವೈದ್ಯರು ರಕ್ತದೊತ್ತಡ ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಒಂದು ಕ್ಷಣವೂ ತಡಮಾಡದೆ ಬೆಂಗಳೂರಿಗೆ ಹೊರಡಿ ಎಂದರು. ಅವರು ಹೇಳಿದ್ದು ಸರಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕಾಗುತ್ತದೆ. ಎಪ್ಪತ್ತು ಕಿಲೋಮೀಟರ್ ದಾರಿಯನ್ನು ಕ್ರಮಿಸಿ, ನಗರದ ಒಂದು ದೊಡ್ಡ ಆಸ್ಪತ್ರೆಯನ್ನು ನಾವು ಹೊತ್ತಿಗೆ ಮುಂಚೆಯೇ ಸೇರಿದೆವು. ಅಲ್ಲಿಯ ಚುರುಕನ್ನು ಮೆಚ್ಚಲೇಬೇಕು. ಬಾಗಿಲಲ್ಲಿ ಗಾಲಿಕುರ್ಚಿ ಕಾದಿತ್ತು. ಹತ್ತು ನಿಮಿಷದೊಳಗೆ ಮಣಿಕಟ್ಟಿಗೆ ಪಟ್ಟಿ ಬಿತ್ತು. ಅರ್ಧ ಗಂಟೆಯೊಳಗೆ ಸಿ.ಟಿ. ಯಂತ್ರದೊಳಗಿದ್ದೆ. ಮುಂದಿನ ಮೂರು ದಿನಗಳಲ್ಲಿ ಎಂ.ಆರ್.ಐ., ಕತ್ತಿನ ರಕ್ತನಾಳಗಳ ಡಾಪ್ಲರ್, ಹೃದಯದ ಎಕೋ, ಮಿದುಳಿನ ವಿದ್ಯುತ್ ಅಲೆಗಳ ಚಿತ್ರ, ಎದೆಗೆ ತಂತಿ ಅಂಟಿಸಿಕೊಂಡು ಇಪ್ಪತ್ತನಾಲ್ಕು ಗಂಟೆ ಹೊತ್ತು ತಿರುಗಬೇಕಾದ ಹೋಲ್ಟರ್ ಯಂತ್ರ, ಲೆಕ್ಕವಿಲ್ಲದಷ್ಟು ಸಲ ರಕ್ತ. ನನ್ನ ಒಳಗನ್ನು ಇಷ್ಟು ಆಸಕ್ತಿಯಿಂದ ಹಿಂದೆ ಯಾರೂ ನೋಡಿರಲಿಲ್ಲ.

ಆದರೆ ಆ ಇಪ್ಪತ್ತೈದು ನಿಮಿಷಗಳಲ್ಲಿ ಏನಾಯಿತೆಂದು ಯಾರೂ ಪೂರ್ತಿ ಕೇಳಲಿಲ್ಲ. ‘ಮಾತು ನಿಂತಿತ್ತಾ? ಎಷ್ಟು ಹೊತ್ತು?’ ಎನ್ನುವರು, ಉತ್ತರದ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನತ್ತ ಕಣ್ಣು ಇಳಿಸಿರುವರು. ಮರೆತುಹೋದೀತೆಂಬ ಭಯದಿಂದ ಎಲ್ಲವನ್ನೂ ಮೊದಲ ದಿನವೇ ನಾಲ್ಕು ಪುಟ ಬರೆದಿಟ್ಟಿದ್ದೆ. ಆ ಹಾಳೆಗಳು ಔಷಧದ ಮೇಜಿನ ಮೇಲೆ ಮೂರು ದಿನ ಇದ್ದು, ನೀರಿನ ಲೋಟದ ಗುರುತು ಬಿದ್ದು, ನನ್ನೊಂದಿಗೇ ಮನೆಗೆ ಬಂದವು. ನನ್ನನ್ನು ಎದುರಿಗಿಟ್ಟುಕೊಂಡೇ ವೈದ್ಯರೊಬ್ಬರು ನನ್ನ ಮಗನನ್ನು, ‘ಇವರು ಈಗ ಸರಿಯಾಗಿ ಮಾತಾಡುತ್ತಾರಾ?’ ಎಂದು ಕೇಳಿದರು. ನಾನೇ ಉತ್ತರ ಕೊಟ್ಟೆ. ಅದನ್ನು ಅವರು ಪರೀಕ್ಷೆಯ ಭಾಗವೆಂದು ಭಾವಿಸಿದರೆಂದು ತೋರುತ್ತದೆ. ತಲೆದೂಗಿ ಏನನ್ನೋ ಬರೆದುಕೊಂಡರು.

ಇದು ನನ್ನೊಬ್ಬನ ದೂರಲ್ಲ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ವೈದ್ಯರ ಮತ್ತು ರೋಗಿಗಳ ಮಾತುಕತೆಯನ್ನು ದಾಖಲು ಮಾಡಿ ನೋಡಿತು. ರೋಗಿ ತನ್ನ ಕಥೆ ಆರಂಭಿಸಿದ ಸರಾಸರಿ 18 ಸೆಕೆಂಡಿನೊಳಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಅದಕ್ಕೂ ಮೊದಲು, 1975ರಲ್ಲಿ, ಇಂಗ್ಲೆಂಡಿನ ವೈದ್ಯರು ಹೊಸದಾಗಿ ಬಂದ 80 ರೋಗಿಗಳನ್ನು ಗಮನಿಸಿದ್ದರು. ಕೊನೆಗೆ ಯಾವ ಕಾಯಿಲೆಯೆಂದು ತೀರ್ಮಾನವಾಯಿತೋ ಅದನ್ನು 66 ಜನರಲ್ಲಿ ರೋಗದ ಪೂರ್ವಕಥೆಯಿಂದಲೇ ಊಹಿಸಲು ಸಾಧ್ಯವಾಗಿತ್ತು. ಮೈ ಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಜನರಲ್ಲಿ, ಪ್ರಯೋಗಶಾಲೆಯ ಪರೀಕ್ಷೆಯಿಂದ ಇನ್ನು 7 ಜನರಲ್ಲಿ. ಯಂತ್ರಗಳು ಅಂದಿನಿಂದ ಬಹಳ ಬೆಳೆದಿವೆ, ನಿಜ. ಆದರೆ ನನ್ನಂಥವನ ಸಂಗತಿಯಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ ಕಾಯಿಲೆ ಬಂದು ಹೋಗಿರುವಾಗ, ಕಥೆಯಲ್ಲದೆ ಹಿಡಿಯಲು ಇನ್ನೇನಿದೆ?

ಮಾತಿನ ಪರೀಕ್ಷೆ ನಡೆಯಲಿಲ್ಲವೆಂದಲ್ಲ. ಒಬ್ಬ ತರುಣ ವೈದ್ಯರು ಪೆನ್ನು, ಗಡಿಯಾರ, ಬೀಗದ ಕೈ ಹಿಡಿದು ಇವೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ನಾನೂ ಇಂಗ್ಲಿಷಿನಲ್ಲಿಯೇ ಹೇಳಿದೆ. ‘ಭಾಷೆ ಸಹಜ’ ಎಂದು ಬರೆದುಕೊಂಡರು. ಅಂದು ಸಂಜೆಯವರೆಗೂ ಕನ್ನಡದ ಮಾತುಗಳು ನನ್ನಲ್ಲಿ ಸ್ವಲ್ಪ ಎಡವುತ್ತಲೇ ಇದ್ದವು. ಕಿಟಕಿ ಎನ್ನಲು ಹೋಗಿ ಬಾಗಿಲು ಎಂದಿದ್ದೆ. ಅದನ್ನು ಹೇಳಹೊರಟಾಗ ಅವರು ಮುಂದಿನ ಹಾಸಿಗೆಗೆ ಸರಿದಿದ್ದರು. ಎರಡು ಭಾಷೆ ಬಲ್ಲವನ ಮಿದುಳಿಗೆ ಪೆಟ್ಟಾದರೆ ಎರಡೂ ಒಂದೇ ಸಮನೆ ಕೆಡಬೇಕಾಗಿಲ್ಲ, ಒಂದೇ ಸಮನೆ ಮರಳಬೇಕಾಗಿಯೂ ಇಲ್ಲ ಎಂಬುದು ಹೊಸ ವಿಚಾರವಲ್ಲ. ಫ್ರಾನ್ಸಿನ ಪಿತ್ರ್ ಎಂಬ ವೈದ್ಯ 1895ರಲ್ಲಿಯೇ ಇದನ್ನು ಕುರಿತು ಬರೆದಿದ್ದಾನೆ. ನಮ್ಮ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಕಳೆದುಕೊಂಡವರನ್ನು ಕನ್ನಡದಲ್ಲಿಯೇ ಪರೀಕ್ಷಿಸುವ ಕ್ರಮಗಳು ಸಿದ್ಧವಾಗಿವೆ. ಆ ದೊಡ್ಡ ಆಸ್ಪತ್ರೆಯಲ್ಲಿ ನನ್ನೊಡನೆ ಕನ್ನಡದಲ್ಲಿ ಬಿಡುವಾಗಿ ಮಾತನಾಡಿದವರು ನೆಲ ಒರೆಸಲು ಬರುತ್ತಿದ್ದ ಹೆಂಗಸು ಮತ್ತು ಊಟದ ತಟ್ಟೆ ತರುತ್ತಿದ್ದ ಹುಡುಗ. ಕಿಟಕಿಗೆ ಬಾಗಿಲೆಂದದ್ದನ್ನು ತಿದ್ದಿದವಳು ಆ ಹೆಂಗಸೇ.

1861ರಲ್ಲಿ ಪ್ಯಾರಿಸಿನ ಬ್ರೋಕಾ ಮಾತಿನ ನೆಲೆಯನ್ನು ಮಿದುಳಿನ ಎಡಭಾಗದಲ್ಲಿ ಗುರುತಿಸಿದನೆಂದು ಮನಶ್ಶಾಸ್ತ್ರ ಓದಿದವರಿಗೆ ಗೊತ್ತು. ಆತನ ರೋಗಿ ‘ತಾನ್’ ಎಂಬ ಒಂದೇ ಶಬ್ದವನ್ನು ಉಚ್ಚರಿಸಬಲ್ಲವನಾಗಿದ್ದ. ಇಪ್ಪತ್ತೊಂದು ವರ್ಷ ಆಸ್ಪತ್ರೆಯಲ್ಲಿದ್ದ ಆ ಮನುಷ್ಯನನ್ನು ಅಲ್ಲಿಯವರು ತಾನ್ ಎಂದೇ ಕರೆಯುತ್ತಿದ್ದರು. ಪುಸ್ತಕಗಳಲ್ಲಿಯೂ ಬಹುಕಾಲ ಹಾಗೆಯೇ ಉಳಿದ. ಅವನ ಹೆಸರು ಲೆಬೋರ್ನ್ ಎಂದಿತ್ತು. ನನ್ನನ್ನು ಹಾಸಿಗೆಯ ಸಂಖ್ಯೆಯಿಂದ ಕರೆದಾಗ ಈ ಬಡಪಾಯಿ ನೆನಪಾದದ್ದುಂಟು.

ಒಂದೊಂದು ಪರೀಕ್ಷೆ ಮುಗಿದಾಗಲೂ ಬರುತ್ತಿದ್ದ ಮಾತು ‘ನಾರ್ಮಲ್’. ನರರೋಗತಜ್ಞರು ತಮ್ಮ ಕಡೆಯಿಂದ ನಾರ್ಮಲ್ ಎಂದರು, ಹೃದ್ರೋಗತಜ್ಞರು ತಮ್ಮ ಕಡೆಯಿಂದ ನಾರ್ಮಲ್ ಎಂದರು. ಹಾಗಾದರೆ ನನಗೆ ಆದದ್ದೇನು ಎಂಬ ಪ್ರಶ್ನೆ ಯಾರ ಕಡೆಗೂ ಸೇರದೆ ಹಾಸಿಗೆಯ ಮೇಲೆಯೇ ಉಳಿಯಿತು. ಈ ನಾರ್ಮಲ್ ಎಂಬ ಶಬ್ದದ ಬಗ್ಗೆ ಭಾಷೆಯ ಮೇಷ್ಟರಾಗಿ ಒಂದು ಮಾತು ಹೇಳಬೇಕು. ನಾವು ಅದನ್ನು ‘ಏನೂ ಆಗಿಲ್ಲ’ ಎಂದು ಅರ್ಥ ಮಾಡುತ್ತೇವೆ. ಅವರ ಅರ್ಥ ‘ಈ ಯಂತ್ರಕ್ಕೆ ಏನೂ ಕಾಣಲಿಲ್ಲ’ ಎಂದು. ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ತಡೆಯಾಗಿ ಮತ್ತೆ ಹರಿಯುವುದನ್ನು ಟಿ.ಐ.ಎ. ಎನ್ನುತ್ತಾರೆ. ಮೊದಲು ಇಪ್ಪತ್ತನಾಲ್ಕು ಗಂಟೆಯೊಳಗೆ ಲಕ್ಷಣ ಮಾಯವಾದರೆ ಅದು ಟಿ.ಐ.ಎ. ಎನ್ನುತ್ತಿದ್ದರು. 2009ರಲ್ಲಿ ಅಮೆರಿಕದ ತಜ್ಞರು ಆ ಲಕ್ಷಣವಾಕ್ಯವನ್ನು ತಿದ್ದಿ, ಮಿದುಳಿನಲ್ಲಿ ಗಾಯದ ಗುರುತು ಉಳಿಯಬಾರದು ಎಂದರು. ಎಂದರೆ ಚಿತ್ರ ಶುಭ್ರವಾಗಿರುವುದು ಆ ಕಾಯಿಲೆಯ ಲಕ್ಷಣವೇ! 2000ದಲ್ಲಿ ಕ್ಯಾಲಿಫೋರ್ನಿಯಾದಿಂದ ಪ್ರಕಟವಾದ ಒಂದು ವರದಿಯಂತೆ, ಟಿ.ಐ.ಎ. ಎಂದು ಗುರುತಿಸಲಾದ 1,707 ಜನರಲ್ಲಿ ಶೇಕಡ 10.5 ಮಂದಿಗೆ ಮೂರು ತಿಂಗಳೊಳಗೆ ಪಾರ್ಶ್ವವಾಯು ಬಡಿಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ಎರಡು ದಿನಗಳಲ್ಲಿಯೇ. ಇಂದು ಔಷಧೋಪಚಾರದಿಂದ ಆ ಅಪಾಯ ಇಳಿದಿದೆ. ಆದರೆ ಯಾವ ಎರಡು ದಿನ ಅತ್ಯಂತ ಎಚ್ಚರದಿಂದಿರಬೇಕೋ ಆ ಎರಡು ದಿನವೂ ನಾನು ನಾರ್ಮಲ್ ಎಂಬ ಮಾತನ್ನು ಕೇಳುತ್ತಿದ್ದೆ. ಹಾಗಿದ್ದ ಮೇಲೆ ಮನೆಗೇಕೆ ಕಳಿಸುವುದಿಲ್ಲವೆಂದು ನನ್ನ ಹೆಂಡತಿ ಆಸ್ಪತ್ರೆಯವರ ದುರಾಸೆಯನ್ನು ಬಯ್ಯುತ್ತಿದ್ದಳು. ಇಟ್ಟುಕೊಂಡದ್ದಕ್ಕೆ ಕಾರಣವಿತ್ತು. ಕಾರಣವನ್ನು ಹೇಳುವವರಿರಲಿಲ್ಲ.

ಎರಡನೆಯ ರಾತ್ರಿ ಹೇಳುವವರೊಬ್ಬರು ಬಂದರು. ರಾಯಚೂರಿನ ಕಡೆಯ ಹುಡುಗಿ, ರಾತ್ರಿ ಪಾಳಿಯ ಕಿರಿಯ ವೈದ್ಯೆ. ನಿದ್ದೆ ಬರುತ್ತಿಲ್ಲವೆಂದೆ. ಸ್ಟೂಲು ಎಳೆದುಕೊಂಡು ಕುಳಿತು, ‘ಏನಾತು ಹೇಳ್ರಿ ಸರ್’ ಎಂದಳು. ಹೇಳಿದೆ. ನಡುವೆ ಒಂದೇ ಪ್ರಶ್ನೆ ಕೇಳಿದಳು: ‘ಮೊದಲು ವಾಪಸ್ ಬಂದ ಮಾತು ಯಾವುದು?’ ಎಲ್ಲ ಮುಗಿದ ಮೇಲೆ, ‘ನಮಗೂ ಇನ್ನೂ ತಿಳಿದಿಲ್ರಿ’ ಎಂದಳು. ಮೂರು ಸಾಧ್ಯತೆಗಳುಂಟು: ರಕ್ತ ತಡೆದದ್ದು, ಅಪಸ್ಮಾರದ ಒಂದು ಸಣ್ಣ ರೂಪ, ತಲೆನೋವಿಲ್ಲದೆಯೂ ಬರಬಹುದಾದ ಅರೆತಲೆಶೂಲೆಯ ಮುನ್ಸೂಚನೆ. ಮೂರರಲ್ಲಿ ಮೊದಲನೆಯದು ಅಪಾಯದ್ದು, ಆದ್ದರಿಂದ ಅದೇ ಎಂದು ತಿಳಿದು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಿದ್ದೇವೆ. ಮಾತು ತಪ್ಪಿದರೆ, ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ ಕೂಡಲೇ ಗಂಟೆ ಒತ್ತಬೇಕು. ಎಲ್ಲ ಸೇರಿ ಹತ್ತು ನಿಮಿಷವಾಗಿರಬಹುದು. ಗೊತ್ತಿಲ್ಲ ಎಂಬ ಮಾತು ಕೇಳಿ ರೋಗಿ ಧೈರ್ಯಗೆಡುತ್ತಾನೆಂದು ಹಿರಿಯ ವೈದ್ಯರು ಬಹುಶಃ ಭಾವಿಸಿರಬೇಕು. ನನಗಂತೂ ಅಂದು ನಿದ್ದೆ ಬಂತು.

ಮೂರನೆಯ ದಿನ ವಿಮೆಯ ಮೇಜಿನಿಂದ ಕರೆ. ಯಾವ ಕಾಯಿಲೆಯೆಂದು ಬರೆಯದಿದ್ದರೆ ಹಣ ಬರುವುದಿಲ್ಲ. ಬರೀ ತಪಾಸಣೆಗಾಗಿ ಆಸ್ಪತ್ರೆ ಸೇರಿದರೆ ಆ ಖರ್ಚನ್ನು ಕೊಡಬೇಕಾಗಿಲ್ಲವೆಂಬ ಷರತ್ತು ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಷರತ್ತುಗಳಲ್ಲಿ ಅದೂ ಒಂದು. ತಪಾಸಣೆಯಿಂದ ರೋಗ ಸಿಕ್ಕವನು ರೋಗಿ. ಸಿಗದವನು ಸುಮ್ಮನೆ ಮಲಗಿ ಎದ್ದುಹೋದವನು! ಸಂಜೆಯ ಹೊತ್ತಿಗೆ ಬಿಡುಗಡೆಯ ಚೀಟಿ ಬಂತು. ಅದರಲ್ಲಿ ಕಾಯಿಲೆಯ ಹೆಸರಿನ ಜಾಗದಲ್ಲಿ ಟಿ.ಐ.ಎ. ಎಂದಿತ್ತು, ಅದರ ಹಿಂದೆ ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ. ಸಂಶಯವಿದೆ, ಖಚಿತವಿಲ್ಲ ಎಂಬುದಕ್ಕೆ ವೈದ್ಯರು ಹಾಗೆ ಬರೆಯುವ ವಾಡಿಕೆಯಂತೆ. ನಾವು ವಾಕ್ಯದ ಕೊನೆಗೆ ಹಾಕುವುದನ್ನು ಅವರು ಮೊದಲಿಗೇ ಹಾಕುತ್ತಾರೆ. ಮೂರು ದಿನ ಯಾವ ಹಿರಿಯರ ಬಾಯಲ್ಲೂ ಬಾರದ ಮಾತು ಆ ಒಂದು ಚಿಹ್ನೆಯಲ್ಲಿತ್ತು. ಮೂವತ್ತು ವರ್ಷ ಹುಡುಗರ ಲೇಖನಚಿಹ್ನೆಗಳನ್ನು ತಿದ್ದಿದವನು ನಾನು. ಇಷ್ಟು ಅರ್ಥವತ್ತಾದ ಪ್ರಯೋಗವನ್ನು ಕಂಡಿರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ತೋರಿಸಲು ಹೋದೆ. ಈ ಸಲ ಬೇರೊಬ್ಬರು. ಪರದೆ ನೋಡಿ, ‘ನಿಮಗೆ ಟಿ.ಐ.ಎ. ಆಗಿತ್ತಲ್ಲ’ ಎಂದರು. ಖಚಿತವಾಯಿತೇ ಎಂದು ಕೇಳಿದೆ. ದಾಖಲೆಯಲ್ಲಿ ಹಾಗಿದೆ ಎಂದರು. ದಾಖಲೆಗಳ ಪ್ರತಿ ಬೇಕೆಂದು ಅರ್ಜಿ ಕೊಟ್ಟೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳುತ್ತದೆ. ನಿಯಮದ ಹೆಸರು ಹೇಳಿದ ಮೇಲೆ ಅವು ಬಂದವು. ಮೊದಲ ಚೀಟಿಯಲ್ಲಿ ಚಿಹ್ನೆಯಿತ್ತು. ಅದನ್ನು ನೋಡಿ ಬರೆದ ಎರಡನೆಯ ಹಾಳೆಯಲ್ಲಿ ಇರಲಿಲ್ಲ. ಮುಂದಿನ ಎಲ್ಲ ಹಾಳೆಗಳೂ ಎರಡನೆಯದರ ಪ್ರತಿಗಳು. ಹಳೆಗನ್ನಡ ಕಾವ್ಯಗಳ ಓಲೆಪ್ರತಿಗಳಲ್ಲಿ ಲಿಪಿಕಾರನ ಕೈತಪ್ಪಿನಿಂದ ಪಾಠ ಕೆಡುವ ಬಗೆಯನ್ನು ಎಷ್ಟೋ ವರ್ಷ ಪಾಠ ಹೇಳಿದ್ದೆ. ಗ್ರಂಥಸಂಪಾದನೆಯ ಆ ವಿದ್ಯೆ ಸ್ವಂತ ಮಿದುಳಿನ ವಿಷಯದಲ್ಲಿ ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ.

ಇದನ್ನು ಸರಿಪಡಿಸಿ ಎಂದು ದಾಖಲೆಯ ಕೋಣೆಯಲ್ಲಿ ಕೇಳಿಕೊಂಡೆ. ಅಲ್ಲಿದ್ದ ಹುಡುಗ ಸಭ್ಯ. ಎದ್ದು ನಿಂತು ಮಾತನಾಡಿದ. ಕಂಪ್ಯೂಟರಿನಲ್ಲಿ ಕಾಯಿಲೆಗಳ ಪಟ್ಟಿಯೊಂದಿದೆಯಂತೆ, ಅದರಿಂದ ಆರಿಸಿ ಒತ್ತಬೇಕಂತೆ, ಆ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲವಂತೆ. ‘ಬೇಕಾದರೆ ನಿಮ್ಮ ಪ್ರತಿಯ ಮೇಲೆ ನೀವೇ ಬರೆದುಕೊಳ್ಳಿ ಸಾರ್’ ಎಂದು ಪೆನ್ನು ಕೊಟ್ಟ. ಬರೆದುಕೊಂಡೆ, ಹನ್ನೊಂದು ಹಾಳೆಗಳ ಮೇಲೆ.