ಹದಿನೆಂಟು ತುಂಬಿದ ಮಗಳು ಮನೆ ಬಿಟ್ಟರೆ

(ಮೈಸೂರಿನ ಮಹಿಳಾ ಕಾನೂನು ಅರಿವು ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಗಂಡನ ಮನೆಯ ಹಿಂಸೆಯ ಬಗ್ಗೆ ಮಾತಾಡಿದಷ್ಟು ತವರುಮನೆಯ ಹಿಂಸೆಯ ಬಗ್ಗೆ ನಾವು ಮಾತಾಡುವುದಿಲ್ಲ. ತವರೆಂದರೆ ನಮಗೆ ಅರಿಶಿನ ಕುಂಕುಮ, ಹಬ್ಬದ ಬಾಗಿನ. ಆದರೆ ಕೆಲಸಕ್ಕೆ ಸೇರಿದ ಮಗಳ ಸಂಬಳವನ್ನು ತಿಂಗಳು ತಿಂಗಳೂ ಕಿತ್ತುಕೊಂಡು ಅವಳದೇ ವರದಕ್ಷಿಣೆಗೆಂದು ಕೂಡಿಡುವುದು, ನೋಡಿದ ಗಂಡನ್ನು ಒಪ್ಪುವ ತನಕ ಫೋನು ಕಸಿದು ಕೋಣೆಯಲ್ಲಿ ಕೂಡಿಹಾಕುವುದು ಇದೇ ತವರಿನಲ್ಲಿ. ನಾನು ನಿವೃತ್ತಳಾದ ಮೇಲೂ ಹಳೆಯ ವಿದ್ಯಾರ್ಥಿನಿಯರು ಸರಸ್ವತಿಪುರಂನ ನಮ್ಮ ಮನೆಗೆ ಬಂದು ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಮನೆ ಬಿಟ್ಟು ಪಿ.ಜಿ.ಗೆ ಹೋದರೆ ಪೊಲೀಸರು ಎಳೆದು ತರುತ್ತಾರಾ?”

ತರುವ ಹಾಗಿಲ್ಲ. 1875ರಷ್ಟು ಹಳೆಯ ಕಾಯಿದೆಯ ಪ್ರಕಾರ 18 ತುಂಬಿದವರು ವಯಸ್ಕರು. ಅಲ್ಲಿಗೆ ತಂದೆತಾಯಿಯರ ಪೋಷಕತ್ವ ಮುಗಿಯಿತು. ಮದುವೆಗೆ ಹುಡುಗನಿಗೆ 21 ಆಗಿರಬೇಕು, ಆ ಮಾತು ಬೇರೆ. ಬೇರೆ ಊರಲ್ಲಿ, ಬೇರೆ ಸೂರಿನಡಿ ಇರಲು ಮಗನಿಗೂ ಮಗಳಿಗೂ 18 ಸಾಕು. ಅದಕ್ಕೆ ಪ್ರೇಮವೋ ಮದುವೆಯೋ ಕಾರಣವಾಗಬೇಕಾಗಿಯೂ ಇಲ್ಲ.

ಆದರೂ ಠಾಣೆಯಲ್ಲಿ ನಡೆಯುವುದೇ ಬೇರೆ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯ ಪ್ರಕರಣ ನೋಡಿ. 2020ರಲ್ಲಿ ಉಪನ್ಯಾಸಕಿಯೊಬ್ಬಳು, ನಮ್ಮ ವೃತ್ತಿಯವಳೇ, ಮನೆಯಲ್ಲಿ ಹೇಳದೆ ಹೊರಟು ದೆಹಲಿಯಲ್ಲಿ ತಾನು ಮೆಚ್ಚಿದವನನ್ನು ಮದುವೆಯಾದಳು. ತಂದೆ ‘ಕಾಣೆಯಾಗಿದ್ದಾಳೆ’ ಎಂದು ದೂರು ಕೊಟ್ಟರು. ಮಗಳು ಮದುವೆಯ ಪ್ರಮಾಣಪತ್ರ ಕಳಿಸಿದರೂ ತನಿಖಾಧಿಕಾರಿ, ಠಾಣೆಗೆ ಬಂದು ಹೇಳಿಕೆ ಕೊಟ್ಟರೇ ಕೇಸು ಮುಗಿಸುವುದು, ಇಲ್ಲದಿದ್ದರೆ ಗಂಡನ ಮೇಲೆ ಅಪಹರಣದ ಕೇಸು ಬೀಳಬಹುದು ಎಂದರು. ಎಂ.ಎ. ಓದಿ ಪಾಠ ಹೇಳುವವಳನ್ನು ಅಪಹರಿಸಿದರಂತೆ! ಆಕೆ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2021ರ ಫೆಬ್ರುವರಿ 8ರಂದು ಕೋರ್ಟು ಎಫ್.ಐ.ಆರ್. ರದ್ದುಮಾಡಿತು. ಅಧಿಕಾರಿಯೇ ಆಕೆ ಇರುವಲ್ಲಿಗೆ ಹೋಗಿ ಹೇಳಿಕೆ ಪಡೆಯಬೇಕಿತ್ತು ಎಂದು ಹೇಳಿ, ಇಂಥ ಸೂಕ್ಷ್ಮ ಪ್ರಕರಣಗಳಿಗಾಗಿ ಪೊಲೀಸರಿಗೆ ಮಾರ್ಗಸೂಚಿ ಮತ್ತು ತರಬೇತಿ ಬೇಕೆಂದು ಆದೇಶಿಸಿತು. ಕಾಣೆಯಾದವರನ್ನು ಹುಡುಕುವುದು ಪೊಲೀಸರ ಕರ್ತವ್ಯ, ಸರಿ. ಸಿಕ್ಕವಳು ವಯಸ್ಕಳು, ಸ್ವಇಚ್ಛೆಯಿಂದ ಇದ್ದಾಳೆ ಎಂದು ಗೊತ್ತಾದ ಕೂಡಲೇ ಆ ಕೆಲಸ ಮುಗಿಯುತ್ತದೆ. ರಾಜಿ ಪಂಚಾಯ್ತಿ ಠಾಣೆಯ ಕೆಲಸವಲ್ಲ.

ನಮ್ಮ ಆಶ್ರಯ ಕೇಂದ್ರಗಳ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಇಂಥ ಒಂದು ಕೇಂದ್ರದಲ್ಲಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಯುವತಿಯನ್ನು 2020ರ ನವೆಂಬರ್ 27ರಂದು ನಮ್ಮ ಹೈಕೋರ್ಟು ಬಿಡುಗಡೆ ಮಾಡಿತು. ಆಕೆಯ ಸಂಗಾತಿ ಹಾಕಿದ್ದು ಹೇಬಿಯಸ್ ಕಾರ್ಪಸ್ ಅರ್ಜಿ. ಹೆತ್ತವರೇ ತನ್ನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದಿದ್ದಳು ಆಕೆ. ರಕ್ಷಣೆಯ ಹೆಸರಿನಲ್ಲಿ ವಯಸ್ಕಳನ್ನು ಒಳಗಿರಿಸಿಕೊಳ್ಳುವುದು ನನಗಂತೂ ಇನ್ನೊಂದು ಬಂಧನವೇ.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಸೊಸೆಯರಿಗೆ ಮಾತ್ರ ಎಂದು ಅನೇಕ ವಕೀಲರೂ ತಿಳಿದಿದ್ದಾರೆ. ರಕ್ತಸಂಬಂಧವೂ ಅದರಲ್ಲಿ ಸೇರಿದೆ. ಮಗಳು ಅಪ್ಪನ ಮೇಲೆ, ಅಣ್ಣನ ಮೇಲೆ ದೂರು ಕೊಡಬಹುದು. ಸುಪ್ರೀಂ ಕೋರ್ಟಿನ 2016ರ ತೀರ್ಪಿನ ನಂತರ ತಾಯಿಯ ಮೇಲೂ. ಮನೆ ಬಿಟ್ಟ ಮೇಲೂ ಈ ಹಕ್ಕು ಉಳಿಯುತ್ತದೆ. ಮನೆಯಿಂದ ಹೊರಹೋಗದಂತೆ ತಡೆಯುವುದು, ಇಷ್ಟವಿಲ್ಲದ ಮದುವೆಗೆ ಬಲವಂತ, ಇವೆಲ್ಲ ರಕ್ಷಣಾಧಿಕಾರಿ ತುಂಬುವ ನಮೂನೆಯಲ್ಲೇ ಅಚ್ಚಾಗಿವೆ. ಸಂಬಳ ಕಿತ್ತುಕೊಳ್ಳುವುದು ಆರ್ಥಿಕ ಹಿಂಸೆ. ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಪ್ರಕಾರ ಅಪರಾಧವೂ ಹೌದು.

“ಹೋದರೆ ಆಸ್ತಿಯಲ್ಲಿ ಬಿಡಿಗಾಸಿಲ್ಲ” ಎಂಬ ಬೆದರಿಕೆ ಅರ್ಧ ಸತ್ಯ. ತಂದೆಯ ಸ್ವಯಾರ್ಜಿತ ಅವರಿಷ್ಟ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳ ಪಾಲು ಹೊಸ್ತಿಲು ದಾಟಿದರೆ ಹೋಗುವಂಥದ್ದಲ್ಲ. ಆದರೆ ಕಾನೂನು ಬಾಡಿಗೆ ಕಟ್ಟುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ, ಎರಡು ತಿಂಗಳ ಖರ್ಚಿನ ಹಣ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮರೆಯಬೇಡಿ, ವಯಸ್ಸಿಗೆ ಅದೇ ಸಾಕ್ಷಿ. ಆಧಾರ್, ಪದವಿ ಪತ್ರಗಳೂ ಜೊತೆಗಿರಲಿ. ಹೊರಟ ದಿನವೇ ನಿಮ್ಮ ಬಡಾವಣೆಯ ಠಾಣೆಗೂ ಪೊಲೀಸ್ ಆಯುಕ್ತರ ಕಚೇರಿಗೂ ಒಂದು ಪತ್ರ ಕೊಡಿ: ನಾನು ವಯಸ್ಕಳು, ಸ್ವಇಚ್ಛೆಯಿಂದ ಬೇರೆ ಇದ್ದೇನೆ, ಯಾರೂ ನನ್ನನ್ನು ಕರೆದೊಯ್ದಿಲ್ಲ, ನನ್ನ ವಿಳಾಸವನ್ನು ಮನೆಯವರಿಗೆ ತಿಳಿಸಬಾರದು. ಖುದ್ದಾಗಿ ಹೋಗಲು ಭಯವಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಂದು ಪ್ರತಿ ನಂಬಿಕೆಯ ಗೆಳತಿಯ ಹತ್ತಿರ ಇರಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.