ಹಳೆಯ ಕಂಪ್ಯೂಟರಿಗೆ ಮೆಮೊರಿ ಹಾಕಿಸಬೇಕೆ?

(ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಾಗೂ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷಗಳ ಮೇಲಾಯಿತು. ಆ ಬಳಿಕ ಬೆಳೆ ಸಾಲದ ಲೆಕ್ಕ, ಬೆಳೆ ವಿಮೆಯ ಅರ್ಜಿ, ಫ್ರೂಟ್ಸ್ ನೋಂದಣಿ, ಗೊಬ್ಬರದ ದಾಸ್ತಾನು ಎಲ್ಲವೂ ಒಂದೊಂದಾಗಿ ಅದೇ ಯಂತ್ರದ ಪಾಲಿಗೆ ಬಂದವು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಮಂಜೂರಾತಿ ನೀಡಿತು. ಆಗ ಇಟ್ಟುಕೊಂಡ ಗುರಿ 63,000 ಸಂಘಗಳು. ಹೊಸ ಯಂತ್ರ ಬಂದ ಸಂಘಗಳಲ್ಲಿಯೂ ಹಳೆಯದನ್ನು ಯಾರೂ ಬಿಸಾಡಿಲ್ಲ. ಅದು ಎರಡನೆಯ ಮೇಜಿಗೆ ಸರಿದು ಅರ್ಧ ಕೆಲಸವನ್ನು ಈಗಲೂ ಹೊತ್ತಿದೆ.

ಈ ಹಳೆಯ ಯಂತ್ರದ ಮೇಲಿನ ದೂರು ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆ ಬರುವುದಕ್ಕೆ ಕಾಲು ಗಂಟೆ. ಸಾಲದ ಖಾತೆ ತೆರೆದು ಇನ್ನೊಂದು ಕಡೆ ವಿಮೆಯ ಪುಟ ತೆರೆದರೆ ಎರಡೂ ನಿಂತುಬಿಡುತ್ತವೆ. ಮುಂಗಾರಿನ ಹದ ಬಿದ್ದ ದಿನ ಬಿತ್ತನೆ ಬಿಟ್ಟು ಬಂದ ರೈತ ಬಾಗಿಲಲ್ಲಿ ಕಾಯುತ್ತಾನೆ. ನಾಳೆ ಬನ್ನಿ ಎಂದರೆ ಅವನಿಗೆ ಇನ್ನೊಂದು ದಿನದ ಹದ ಹೋಯಿತು. ಅಂಗಡಿಯವರನ್ನು ಕೇಳಿದರೆ ‘ರ‍್ಯಾಮ್ ಹಾಕಿಸಿ, ಸರಿಹೋಗುತ್ತದೆ’ ಎನ್ನುತ್ತಾರೆ. ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ಹಾಕಿಸೋಣ ಎಂದರೆ ಮತ್ತೊಬ್ಬರು ಮುದಿ ಎತ್ತಿಗೆ ಹೊಸ ಲಾಳವೇಕೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿರಬಹುದು. ಯಾರದು ಸರಿ ಎಂಬುದನ್ನು ವಾದದಿಂದ ತೀರ್ಮಾನಿಸುವ ಬದಲು ಅಳತೆ ಮಾಡಿ ತೀರ್ಮಾನಿಸಲು ಸಾಧ್ಯವಿದೆ. ಆ ಅಳತೆಗೆ ಖರ್ಚೂ ಇಲ್ಲ.

ಮೊದಲು ಮೆಮೊರಿ ಎಂದರೇನು ಎಂಬುದು ತಿಳಿದಿರಬೇಕು. ಸುಗ್ಗಿಯ ಕಣವನ್ನು ನೆನೆದರೆ ಇದು ಸುಲಭ. ಬಣವೆಯಲ್ಲಿ ಹೊರೆಗಳು ಇರುತ್ತವೆ. ಕಣದಲ್ಲಿ ಹರಡಿದಷ್ಟನ್ನು ಮಾತ್ರ ರೋಣಗಲ್ಲು ತುಳಿಯಬಲ್ಲದು. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಬಣವೆಯಾದರೆ ಮೆಮೊರಿಯೇ ಕಣ, ಪ್ರೊಸೆಸರ್ ರೋಣಗಲ್ಲು. ಕಣ ಚಿಕ್ಕದಾದರೆ ಯಂತ್ರವು ಅರ್ಧ ತುಳಿದ ಹೊರೆಯನ್ನು ಮತ್ತೆ ಬಣವೆಗೆ ಹೊತ್ತು ಹಾಕಿ ಬೇರೆ ಹೊರೆಯನ್ನು ತರುತ್ತದೆ. ಸ್ವಲ್ಪ ಹೊತ್ತಿಗೆ ಹಿಂದಿನದನ್ನೇ ಮತ್ತೆ ಹೊತ್ತು ತರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ತಲೆ ಸರಿಯಾದ ಜಾಗಕ್ಕೆ ತಲುಪಲು ಸುಮಾರು 10 ಮಿಲಿಸೆಕೆಂಡು ಬೇಕು. ಮೆಮೊರಿಯಿಂದ ಅದೇ ಅಂಶವನ್ನು ತೆಗೆಯಲು ಅದರ ಲಕ್ಷದಲ್ಲೊಂದು ಪಾಲು ಕಾಲ ಸಾಕು. ಹೊರುವುದು ಹೆಚ್ಚಾದರೆ ರೋಣಗಲ್ಲು ಎಷ್ಟು ಭಾರಿಯದಾದರೂ ಪ್ರಯೋಜನವಿಲ್ಲ.

ಆದರೆ ಕಣ ಚಿಕ್ಕದಿದೆಯೇ ಎಂಬುದೇ ಪ್ರಶ್ನೆ. ಬೆಳೆಗೆ ಯಾವ ಪೋಷಕಾಂಶ ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದೇ ಇಳುವರಿಯನ್ನು ತಡೆಯುತ್ತದೆ ಎಂಬ ನಿಯಮವನ್ನು ವಿಸ್ತರಣಾ ಕಾರ್ಯಕರ್ತರು ಬಲ್ಲರು. ಸತುವಿನ ಕೊರತೆಯಿರುವ ಗದ್ದೆಗೆ ಯೂರಿಯಾ ಸುರಿದರೆ ದುಡ್ಡು ದಂಡ. ಕಂಪ್ಯೂಟರಿಗೂ ಈ ನಿಯಮ ಹಾಗೆಯೇ ಅನ್ವಯಿಸುತ್ತದೆ. ಆದುದರಿಂದ ಮಣ್ಣು ಪರೀಕ್ಷೆಯಂತೆ ಇಲ್ಲಿಯೂ ಪರೀಕ್ಷೆ ಮೊದಲು, ಖರೀದಿ ಆಮೇಲೆ.

ಪರೀಕ್ಷೆಯ ವಿಧಾನ ಹೀಗಿದೆ. ಕೆಲಸದ ಒತ್ತಡವಿರುವ ದಿನವನ್ನು ಆರಿಸಿಕೊಳ್ಳಬೇಕು. ಯಂತ್ರ ಚಾಲೂ ಮಾಡಿದ ಕೂಡಲೇ ನೋಡಬಾರದು. ಆಗ ಎಲ್ಲ ಹಳೆಯ ಯಂತ್ರಗಳೂ ಏದುಸಿರು ಬಿಡುತ್ತವೆ. ಅರ್ಧ ಗಂಟೆ ಕಳೆದ ಮೇಲೆ, ದಿನವೂ ತೆರೆಯುವ ಲೆಕ್ಕದ ತಂತ್ರಾಂಶ, ನುಡಿ, ಬ್ರೌಸರಿನ ಪುಟಗಳು ಎಲ್ಲವನ್ನೂ ತೆರೆದಿಟ್ಟು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇವುಗಳ ಬಳಕೆ ಶೇಕಡಾವಾರು ಕಾಣುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಸಲದಂತೆ ಎರಡು ಮೂರು ದಿನ ಈ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟರೆ ಸಭೆಯ ಮುಂದೆ ಇಡಲು ಆಧಾರ ಸಿಕ್ಕಂತಾಯಿತು.

ಈ ಅಂಕಿಗಳನ್ನು ಓದುವುದರಲ್ಲಿಯೇ ಜಾಣತನವಿದೆ. ಉದಾಹರಣೆಗೆ 2012ರ ಸುಮಾರಿಗೆ ಕೊಂಡ, 4 ಜಿಬಿ ಮೆಮೊರಿ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇರುವ ಒಂದು ಯಂತ್ರ. ಮೆಮೊರಿ ಶೇಕಡಾ 90ರ ಮೇಲೆ ನಿಂತಿದ್ದು, ಅದೇ ಹೊತ್ತಿನಲ್ಲಿ ಡಿಸ್ಕ್ ಕೂಡ ಶೇಕಡಾ 100 ತೋರಿಸುತ್ತಿದ್ದರೆ ಹೊರೆ ಹೊರುವ ಕೆಲಸ ನಡೆದಿದೆ ಎಂದು ತಿಳಿಯಬೇಕು. ಇಲ್ಲಿ ಮೆಮೊರಿ ಹೆಚ್ಚಿಸಿದರೆ ಫಲ ಖಂಡಿತ. ಮೆಮೊರಿಯ ಪುಟದಲ್ಲಿ ಕಮಿಟೆಡ್ ಎಂಬ ಇನ್ನೊಂದು ಅಂಕಿಯೂ ಇದೆ. ಅದರ ಮೊದಲ ಸಂಖ್ಯೆ ಯಂತ್ರದಲ್ಲಿರುವ ಮೆಮೊರಿಗಿಂತ ಬಹಳ ಹೆಚ್ಚಾಗಿದ್ದರೆ, ಅಂದರೆ 4 ಜಿಬಿ ಇರುವಲ್ಲಿ 6 ಅಥವಾ 7 ಎಂದು ತೋರಿಸಿದರೆ, ಅದೂ ಇದೇ ಕೊರತೆಯ ಗುರುತು.

ಮೆಮೊರಿ ಶೇಕಡಾ 60ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಸದಾ 100ರಲ್ಲಿದ್ದರೆ ಕಥೆ ಬೇರೆ. ಕಣ ಸಾಕಷ್ಟಿದೆ, ಬಣವೆಯಿಂದ ತರುವ ದಾರಿ ಕಿರಿದಾಗಿದೆ. ಆಗ ಮೆಮೊರಿಗೆ ಕೊಡುವ ಹಣದಲ್ಲಿ ಎಸ್‌ಎಸ್‌ಡಿ ಹಾಕಿಸುವುದು ಮೇಲು. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ತಲೆಯೂ ಇಲ್ಲ. ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಕುಳಿತರೆ ಕಾಲು ಗಂಟೆಯ ಚಾಲೂ ಒಂದು ನಿಮಿಷದೊಳಕ್ಕೆ ಇಳಿಯುವುದು ಅಪರೂಪವೇನಲ್ಲ. ಹತ್ತು ವರ್ಷ ಓಡಿದ ಹಾರ್ಡ್ ಡಿಸ್ಕ್ ಯಾವ ದಿನ ಬೇಕಾದರೂ ನಿಲ್ಲಬಹುದು ಎಂಬುದನ್ನೂ ಸೇರಿಸಿ ನೋಡಿದರೆ, ಬಹಳಷ್ಟು ಹಳೆಯ ಯಂತ್ರಗಳಲ್ಲಿ ಮೊದಲ ಖರ್ಚು ಇದಕ್ಕೇ ಸಲ್ಲತಕ್ಕದ್ದು.

ಸಿಪಿಯು ಸದಾ 100ರಲ್ಲಿದ್ದರೆ ಮೆಮೊರಿಯೂ ಬೇಡ, ಎಸ್‌ಎಸ್‌ಡಿಯೂ ಬೇಡ. ವೈರಸ್ ಸೇರಿರಬಹುದು, ಇಲ್ಲವೇ ಫ್ಯಾನಿಗೆ ದೂಳು ಕಟ್ಟಿ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರಬಹುದು. ಗೊಬ್ಬರ, ಹಿಂಡಿ, ಧಾನ್ಯದ ಚೀಲಗಳಿರುವ ಗೋದಾಮಿನ ಪಕ್ಕದ ಕೋಣೆಯಲ್ಲಿ ಕುಳಿತ ಯಂತ್ರಕ್ಕೆ ಈ ಎರಡನೆಯ ರೋಗ ಹೆಚ್ಚು. ಬ್ಲೋವರಿನಿಂದ ದೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟನ್ನು ಬದಲಿಸಿದರೆ ಎಷ್ಟೋ ಯಂತ್ರಗಳು ಸುಧಾರಿಸುತ್ತವೆ. ಇನ್ನು ಮೂರೂ ಅಂಕಿಗಳು ಕಡಿಮೆಯಿದ್ದು ಸರ್ಕಾರದ ಪುಟ ಮಾತ್ರ ತೆರೆಯದಿದ್ದರೆ, ಆ ತೊಂದರೆ ಇಂಟರ್‌ನೆಟ್ಟಿನದು ಅಥವಾ ಆ ಕಡೆಯ ಸರ್ವರಿನದು. ಅದಕ್ಕೆ ಯಂತ್ರಕ್ಕೆ ಏನು ಹಾಕಿಸಿದರೂ ಉಪಯೋಗವಿಲ್ಲ.

ಹಣ ಖರ್ಚಿಲ್ಲದ ಒಂದು ಕ್ರಮವನ್ನು ಹೇಳದೆ ಬಿಡುವಂತಿಲ್ಲ. ಬ್ರೌಸರಿನಲ್ಲಿ ತೆರೆದ ಪ್ರತಿಯೊಂದು ಪುಟವೂ ಕಣದಲ್ಲಿ ಜಾಗ ಹಿಡಿಯುತ್ತದೆ. ಹದಿನೈದು ಪುಟ ತೆರೆದಿಟ್ಟು ಮೆಮೊರಿ ಸಾಲದು ಎನ್ನುವುದು ನ್ಯಾಯವಲ್ಲ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ವಿಭಾಗದಲ್ಲಿ ಬೇಡವಾದ ತಂತ್ರಾಂಶಗಳನ್ನು ನಿಲ್ಲಿಸಿ, ಒಂದು ವಾರ ಕಳೆದು ಮತ್ತೆ ಅಳೆಯಬೇಕು. ಅಷ್ಟಕ್ಕೇ ಮೆಮೊರಿಯ ಬಳಕೆ ಇಳಿದರೆ ಸಂಘದ ಹಣ ಉಳಿಯಿತು.

ಮೆಮೊರಿಯೇ ಕೊರತೆ ಎಂದು ಖಚಿತವಾದ ಮೇಲೆ ಯಂತ್ರವು ಯಾವ ಜಾತಿಯ ಮೆಮೊರಿಯನ್ನು ಸ್ವೀಕರಿಸುತ್ತದೆ ಎಂಬ ವಿಚಾರ ಬರುತ್ತದೆ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂಬ ಜಾತಿಗಳಿದ್ದು ಒಂದರ ಜಾಗಕ್ಕೆ ಇನ್ನೊಂದು ಒಗ್ಗುವುದಿಲ್ಲ. ಡಿಡಿಆರ್2 ಮತ್ತು ಡಿಡಿಆರ್3 ಎರಡರಲ್ಲೂ 240 ಸಂಪರ್ಕಗಳಿದ್ದರೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಬಲವಂತದಿಂದ ಒತ್ತಿದರೆ ಮದರ್‌ಬೋರ್ಡಿನ ಸ್ಲಾಟ್ ಮುರಿಯುತ್ತದೆ. ಡಿಡಿಆರ್4ಕ್ಕೆ 288 ಸಂಪರ್ಕಗಳು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಸಾಮಾನ್ಯವಾಗಿ 667 ಅಥವಾ 800 ಇದ್ದರೆ ಡಿಡಿಆರ್2, 1333 ಅಥವಾ 1600 ಇದ್ದರೆ ಡಿಡಿಆರ್3, 2133 ಮತ್ತು ಮೇಲಿದ್ದರೆ ಡಿಡಿಆರ್4 ಎಂದು ತಿಳಿಯಬಹುದು. ಎರಡು ಸ್ಲಾಟುಗಳಲ್ಲಿ ಎಷ್ಟು ತುಂಬಿದೆ ಎಂಬುದೂ ಅಲ್ಲಿಯೇ ಇದೆ. ಒಂದು ಖಾಲಿಯಿದ್ದರೆ ಅದೃಷ್ಟ; ಈಗಿರುವುದರ ಜೊತೆಗೆ ಅದೇ ಅಳತೆಯ, ಅದೇ ವೇಗದ ಇನ್ನೊಂದನ್ನು ಹಾಕಿದರೆ ಎರಡೂ ಜೋಡೆತ್ತಿನಂತೆ ಎಳೆಯುತ್ತವೆ. ವೇಗ ಬೇರೆಯಾದರೆ ಎರಡೂ ನಿಧಾನದ್ದರ ಹೆಜ್ಜೆಗೇ ನಡೆಯುತ್ತವೆ.

ಇಲ್ಲಿ ಅನೇಕರು ಮೋಸಹೋಗುವ ಒಂದು ಅಂಶವಿದೆ. ಹಳೆಯ ಯಂತ್ರದ ವಿಂಡೋಸ್ 32 ಬಿಟ್ಟಿನದಾಗಿದ್ದರೆ ಅದು 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ಬಳಸಲಾರದು. ನಿಜವಾಗಿ ಕೈಗೆ ಸಿಗುವುದು ಅದಕ್ಕಿಂತಲೂ ಕಡಿಮೆ. 8 ಜಿಬಿ ಹಾಕಿಸಿ ಬಿಲ್ಲು ಕೊಟ್ಟು ಬಂದರೂ ಉಳಿದದ್ದು ಬೀಳು ಭೂಮಿಯಂತೆ ಬಿದ್ದಿರುತ್ತದೆ. ಸಿಸ್ಟಂ ವಿವರದ ಪುಟದಲ್ಲಿ 64 ಬಿಟ್ ಎಂದಿದೆಯೇ ಎಂದು ನೋಡದೆ ಆರ್ಡರ್ ಕೊಡಬಾರದು.

ಬೆಲೆಯ ಮಾತು. ಹಿಂದೆ ಮೆಮೊರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿತ್ತು ಎಂಬ ನಂಬಿಕೆಯಿಂದ ಕಾಯುವುದು ಈಗ ಸರಿಯಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆ ಬೇಡಿಕೆ ಏರಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ತೀವ್ರವಾಗಿ ಹೆಚ್ಚಿತು. ಡಿಡಿಆರ್3ರಂಥ ಹಳೆಯ ಜಾತಿ ಹೆಚ್ಚಾಗಿ ಸಿಗುವುದು ಬಳಸಿದ ಮಾಲಿನಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅದು ದೊರೆಯುತ್ತದೆ. ಬಳಸಿದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮೆಮೊರಿಯಲ್ಲಿ ಸವೆಯುವ ಭಾಗವಿಲ್ಲ. ಆದರೆ ಸರ್ವರ್ ಯಂತ್ರಗಳಿಂದ ಕಿತ್ತ ಮೆಮೊರಿ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ನಡೆಯುವುದಿಲ್ಲ. ತೀರಾ ಅಗ್ಗಕ್ಕೆ ಮಾರುವ ಕೆಲವು ಎಎಂಡಿ ಬೋರ್ಡಿನಲ್ಲಿ ಮಾತ್ರ ಓಡುತ್ತವೆ, ಇಂಟೆಲ್ ಯಂತ್ರದಲ್ಲಿ ಏಳುವುದಿಲ್ಲ. ಯಂತ್ರವನ್ನೇ ಅಂಗಡಿಗೆ ಒಯ್ದು, ಹಾಕಿಸಿ, ಚಾಲೂ ಆದುದನ್ನು ಕಂಡು ಹಣ ಕೊಡುವುದು ಕ್ಷೇಮ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ಭಾರದ್ದು. ವಿಂಡೋಸ್ 7ಕ್ಕೆ ಭದ್ರತಾ ದುರಸ್ತಿ 2020ರ ಜನವರಿಯಲ್ಲಿಯೂ ವಿಂಡೋಸ್ 10ಕ್ಕೆ ಉಚಿತ ದುರಸ್ತಿ 2025ರ ಅಕ್ಟೋಬರ್ 14ರಂದೂ ನಿಂತವು. ವಿಂಡೋಸ್ 10ಕ್ಕೆ ವಿಸ್ತರಣೆಯ ಏರ್ಪಾಡು ಇದ್ದರೂ ಅದು ಕೆಲವು ಕಾಲದ್ದು ಮಾತ್ರ. ವಿಂಡೋಸ್ 11ಕ್ಕೆ 4 ಜಿಬಿ ಮೆಮೊರಿ ಸಾಕು ಎಂದಿದ್ದರೂ, ಟಿಪಿಎಂ 2.0 ಮತ್ತು ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2012ರ ಯಂತ್ರಕ್ಕೆ 16 ಜಿಬಿ ತುಂಬಿದರೂ ಈ ಅರ್ಹತೆ ಬರುವುದಿಲ್ಲ. ರೈತರ ಖಾತೆ, ಆಧಾರ್ ವಿವರ, ಬ್ಯಾಂಕಿನ ವ್ಯವಹಾರ ಇವನ್ನು ದುರಸ್ತಿ ನಿಂತ ಯಂತ್ರದಲ್ಲಿ ನಡೆಸುವುದು ಬೇಲಿಯಿಲ್ಲದ ತೋಟಕ್ಕೆ ನೀರು ಕಟ್ಟಿದಂತೆ. ಅಂಥ ಕೆಲಸಕ್ಕೆ ಹೊಸ ಯಂತ್ರವೇ ಬೇಕು. ಅದರ ಹಣವನ್ನು ಹಳೆಯದರ ಮೇಲೆ ಕರಗಿಸಬಾರದು.

ಹಾಗೆಂದು ಹಳೆಯದಕ್ಕೆ ಏನೂ ಮಾಡಬಾರದೆಂದಲ್ಲ. ನುಡಿಯಲ್ಲಿ ಪತ್ರ, ನೋಟೀಸು, ದಾಸ್ತಾನು ಪಟ್ಟಿ, ತರಬೇತಿಯ ಚಿತ್ರಗಳು ಇಂಥ ಕೆಲಸಗಳಿಗೆ ಅದು ಇನ್ನೂ ನಾಲ್ಕಾರು ವರ್ಷ ಬಂದೀತು. ಡಿಡಿಆರ್3 ಯಂತ್ರವಾಗಿದ್ದು, 64 ಬಿಟ್ ಇದ್ದು, ಅಳತೆಯಲ್ಲಿ ಕೊರತೆ ಕಂಡರೆ 4 ಜಿಬಿಯ ಒಂದು ಬಳಸಿದ ತುಂಡು ಸೇರಿಸಿ 8 ಮಾಡುವುದು ಒಳ್ಳೆಯ ಖರ್ಚು. ಅದಕ್ಕೆ ಮೇಲೆ ಹೋಗುವ ಅಗತ್ಯ ಕಾಣುವುದಿಲ್ಲ. ಡಿಡಿಆರ್2 ಯಂತ್ರವಾದರೆ ಒಂದು ರೂಪಾಯಿಯನ್ನೂ ಹಾಕದಿರುವುದು ಲೇಸು. ಮದರ್‌ಬೋರ್ಡಿನ ಮೇಲಿನ ಸಣ್ಣ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಯಾವ ಜಾತಿಯಾದರೂ ಅಷ್ಟೆ. ಪ್ರತಿದಿನ ತಾರೀಖು ತಪ್ಪಿ ಹೋಗುತ್ತಿದ್ದರೆ ಮಾತ್ರ ಹೆದರಬೇಕಿಲ್ಲ. ಗುಂಡಿಯಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ, ಬದಲಿಸಿದರೆ ಸಾಕು. ಸಾಲದ ಬಡ್ಡಿ ತಾರೀಖಿನ ಮೇಲೆ ನಡೆಯುವುದರಿಂದ ಇದನ್ನು ತಡಮಾಡದೆ ಮಾಡಿಸಬೇಕು.

ಪೆಟ್ಟಿಗೆ ಬಿಚ್ಚುವ ಮೊದಲು ಲೆಕ್ಕದ ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ಇನ್ನೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿರಬೇಕು. ಪ್ಲಗ್ ಕಿತ್ತು, ಕೈಯಿಂದ ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡೇ ಮೆಮೊರಿಯನ್ನು ಹಿಡಿಯಬೇಕು. ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟಬಾರದು. ಎರಡು ಕಡೆಯ ಕ್ಲಿಪ್ಪು ಟಕ್ಕೆಂದು ಕೂರುವವರೆಗೆ ಸಮವಾಗಿ ಒತ್ತಬೇಕು. ಚಾಲೂ ಮಾಡಿದಾಗ ಬೀಪ್ ಶಬ್ದ ಬಂದು ಪರದೆ ಬಾರದಿದ್ದರೆ ತೆಗೆದು ಮತ್ತೆ ಕೂರಿಸಿ ನೋಡಬೇಕು. ಆ ದಿನ ಸಂಜೆ ವಿಂಡೋಸಿನ ಮೆಮೊರಿ ಪರೀಕ್ಷೆಯನ್ನು ಹಾಕಿ ಹೋದರೆ ಬೆಳಿಗ್ಗೆಗೆ ದೋಷವಿದೆಯೋ ಇಲ್ಲವೋ ತಿಳಿಯುತ್ತದೆ. ದೋಷ ಕಂಡರೆ ಹೊಸ ತುಂಡನ್ನು ಅಂದೇ ಅಂಗಡಿಗೆ ಹಿಂದಿರುಗಿಸಬೇಕು, ಏಕೆಂದರೆ ಬಳಸಿದ ಮಾಲಿಗೆ ಕೊಡುವ ವಾಯಿದೆ ಬಹಳ ದಿನದ್ದಲ್ಲ. ಅದಕ್ಕಾಗಿ ಬಿಲ್ಲಿನ ಮೇಲೆ ವಾಯಿದೆಯ ದಿನಾಂಕವನ್ನು ಬರೆಸಿಕೊಂಡು, ತುಂಡಿನ ಮೇಲಿನ ಸಂಖ್ಯೆಯನ್ನು ಸಂಘದ ದಾಸ್ತಾನು ಪುಸ್ತಕದಲ್ಲಿ ನಮೂದಿಸಿಡಬೇಕು.